ಗಣಕದ ಮುದ್ರಣವನ್ನು ಪಠ್ಯಕಡತವಾಗಿ ಪಡೆಯುವ ಕ್ರಮ

ಪ್ರತಿಲಿಪಿ ಮಾಡುವಾಗ ಒಂದು ಪದ ಬಿಟ್ಟುಹೋದರೆ ಏನಾಗುವುದೆಂಬುದಕ್ಕೆ ಷಟ್ಖಂಡಾಗಮದ ಮುದ್ರಣದ ಇತಿಹಾಸಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಧವಲಾ ಟೀಕಾಸಹಿತವಾದ ಆ ಗ್ರಂಥದ ಪ್ರಥಮ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಪ್ರಕಟವಾಯಿತು. ಆಗ ಸಂಪಾದಕರ ಮುಂದಿದ್ದುದು ಮೂಡಬಿದಿರೆಯ ಸಿದ್ಧಾಂತ ಬಸದಿಯ ಮೂಲ ಓಲೆಗಳಲ್ಲ. ಪ್ರತಿಯಿಂದ ಪ್ರತಿಗೆ ಇಳಿದು ಬಂದ ಕಾಗದದ ಹಸ್ತಪ್ರತಿಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಅದು ಇರಬೇಕೆಂದು ಸಂಪಾದಕರು ಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಲ ತಾಡಪತ್ರದೊಡನೆ ಹೋಲಿಸಿದಾಗ ಆ ಪದ ಅಲ್ಲಿರುವುದು ಕಂಡುಬಂದಿತು. ಆ ಒಂದು ಪದದ ಸುತ್ತ ನಡೆದ ಚರ್ಚೆಯ ವಿಸ್ತಾರವು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಮೂಲ ಓಲೆ ಉಳಿದಿದ್ದುದರಿಂದಲೇ ಪಾಠನಿರ್ಣಯಕ್ಕೆ ಆಧಾರ ದೊರೆಯಿತೆಂಬುದು ಇಲ್ಲಿ ಮುಖ್ಯವಾದ ಮಾತು.

ಈಚಿನ ಮೂರು ದಶಕಗಳಲ್ಲಿ ಓಲೆಗಳ ಪ್ರತಿಲಿಪಿ, ಪಾಠಾಂತರಗಳ ಪಟ್ಟಿ, ಭಂಡಾರಗಳ ಗ್ರಂಥಸೂಚಿ ಇವೆಲ್ಲವೂ ಗಣಕಯಂತ್ರದಲ್ಲಿ ಸಿದ್ಧವಾಗುತ್ತ ಬಂದಿವೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ೧೯೪೮ರಲ್ಲಿ ಅಚ್ಚಾದ ರೂಪದಲ್ಲಿ ಇಂದಿಗೂ ಕೈಗೆತ್ತಿಕೊಂಡು ಓದಬಹುದು. ಆದರೆ ಇಪ್ಪತ್ತು ವರ್ಷಗಳ ಹಿಂದೆ ಗಣಕದಲ್ಲಿ ಮಾಡಿಟ್ಟ ಸೂಚಿಯನ್ನು ಇಂದು ತೆರೆಯಲಾಗದ ಪ್ರಸಂಗಗಳು ಒದಗುತ್ತಿವೆ. ಅದನ್ನು ರಚಿಸಿದ ತಂತ್ರಾಂಶವು ಹೊಸ ಯಂತ್ರದಲ್ಲಿ ನಡೆಯದು. ಹಳೆಯ ಯಂತ್ರದಲ್ಲಿ ನಡೆದರೂ ಅದರಲ್ಲಿ ಪಠ್ಯವನ್ನು ಹೊರತೆಗೆಯುವ ಸೌಕರ್ಯವಿಲ್ಲ. ಇರುವುದು ‘ಪ್ರಿಂಟ್’ ಎಂಬ ಆಜ್ಞೆಯೊಂದೇ. ಇಂಥ ಸಂದರ್ಭದಲ್ಲಿ ಮುದ್ರಣವನ್ನು ಕಾಗದಕ್ಕೆ ಕಳುಹಿಸದೆ ಸರಳ ಪಠ್ಯದ ಕಡತಕ್ಕೆ ಇಳಿಸಿಕೊಳ್ಳುವ ಉಪಾಯವೊಂದುಂಟು. ಅದರ ಕ್ರಮವನ್ನೂ ಮಿತಿಯನ್ನೂ ಇಲ್ಲಿ ನಿರೂಪಿಸಲಾಗಿದೆ. ಮಿತಿಯನ್ನು ಅರಿಯದೆ ಕ್ರಮವನ್ನು ಮಾತ್ರ ಅನುಸರಿಸಿದರೆ ಹಾನಿ ತಪ್ಪದು. ಏಕೆಂದರೆ ಒಂದು ಬಗೆಯ ಕನ್ನಡ ಕಡತವನ್ನು ಉಳಿಸುವ ಈ ಉಪಾಯವೇ ಇನ್ನೊಂದು ಬಗೆಯ ಕಡತವನ್ನು ನಿಶ್ಶೇಷವಾಗಿ ಅಳಿಸಿಬಿಡುತ್ತದೆ.

ಆಕೃತಿ ಮತ್ತು ಸಂಕೇತ

ಧವಲಾ ಟೀಕೆಯಲ್ಲಿ ಅಕ್ಷರವನ್ನು ಲಬ್ಧ್ಯಕ್ಷರ, ನಿರ್ವೃತ್ತ್ಯಕ್ಷರ, ಸಂಸ್ಥಾನಾಕ್ಷರ ಎಂದು ಮೂರಾಗಿ ವಿಂಗಡಿಸಲಾಗಿದೆ. ಅರಿವಿನ ಶಕ್ತಿಯಾದ ಅಕ್ಷರ ಬೇರೆ, ಬಾಯಿಂದ ಹೊರಡುವ ಧ್ವನಿರೂಪದ ಅಕ್ಷರ ಬೇರೆ, ಲಿಪಿಯ ಆಕೃತಿಯಲ್ಲಿ ಸ್ಥಾಪಿತವಾದ ಅಕ್ಷರ ಬೇರೆ. ಗಣಕದ ವಿಷಯವು ಆ ಶಾಸ್ತ್ರವಿಚಾರಕ್ಕೆ ಸಮಾನವೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಕಣ್ಣಿಗೆ ಕಾಣುವ ಆಕೃತಿಯೇ ಅಕ್ಷರದ ಸರ್ವಸ್ವವಲ್ಲವೆಂಬ ವಿವೇಕವು ಗಣಕದ ಕಡತವನ್ನು ಪರಿಶೀಲಿಸುವಾಗಲೂ ಅವಶ್ಯವಾಗಿದೆ. ಗಣಕವು ತನ್ನೊಳಗೆ ಇರಿಸಿಕೊಳ್ಳುವುದು ಅಂಕಿಗಳನ್ನು. ಅಂಕಿಗೆ ತಕ್ಕ ಆಕೃತಿಯನ್ನು ತೆರೆಯ ಮೇಲೆ ತೋರಿಸುವುದು ಅಕ್ಷರಶೈಲಿಯ, ಎಂದರೆ ಫಾಂಟಿನ, ಕೆಲಸ. ಎರಡು ಕಡತಗಳು ತೆರೆಯ ಮೇಲೆ ಒಂದೇ ರೀತಿ ಕಂಡರೂ ಅವುಗಳೊಳಗಿನ ಅಂಕಿಗಳು ತೀರ ಬೇರೆಯಾಗಿರಬಹುದು.

ಕನ್ನಡ ಕಡತಗಳಲ್ಲಿ ಪ್ರಧಾನವಾಗಿ ಎರಡು ಬಗೆಗಳಿವೆ. ಮೊದಲನೆಯದು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದುದು. ಬರಹ ತಂತ್ರಾಂಶವು ೧೯೯೮ರಲ್ಲಿ ಬಂದಿತು. ನುಡಿಯನ್ನು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿತು. ಆ ಶೈಲಿಗಳಲ್ಲಿ ಒಂದು ಸಂಕೇತಕ್ಕೆ ೨೫೬ ಸ್ಥಾನಗಳಷ್ಟೇ ಇದ್ದವು, ಅವೂ ರೋಮನ್ ಲಿಪಿಗಾಗಿ ಗೊತ್ತುಪಡಿಸಿದವು. ಆ ಸ್ಥಾನಗಳಲ್ಲಿ ಕನ್ನಡದ ಅಕ್ಷರಗಳನ್ನಲ್ಲ, ಅಕ್ಷರದ ತುಣುಕುಗಳನ್ನು ಕೂರಿಸಲಾಯಿತು. ಎರಡನೆಯದು ಯುನಿಕೋಡ್. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು ಪ್ರತ್ಯೇಕವಾಗಿ ಮೀಸಲಾಗಿವೆ. ಅಲ್ಲಿ ‘ಅ’ಕಾರದ ಸಂಕೇತ ೩೨೦೫, ಅದು ಯಾವ ಶೈಲಿಯಲ್ಲಿಯೂ ಅಕಾರವೇ.

‘ಧರ್ಮ’ ಎಂಬ ಪದದಿಂದ ಈ ಭೇದವು ಸ್ಪಷ್ಟವಾಗುತ್ತದೆ. ಯುನಿಕೋಡಿನಲ್ಲಿ ಇದಕ್ಕೆ ನಾಲ್ಕು ಸಂಕೇತಗಳು: ಧಕಾರ ೩೨೩೯, ರಕಾರ ೩೨೪೮, ಹಲಂತಚಿಹ್ನೆ ೩೨೭೭, ಮಕಾರ ೩೨೪೬. ಇದು ಉಚ್ಚಾರಣೆಯ ಕ್ರಮ. ನುಡಿಯ ಹಳೆಯ ಶೈಲಿಯಲ್ಲಿ ಅದೇ ಪದಕ್ಕೆ ಏಳು ಸಂಕೇತಗಳು: ೧೨೨, ೧೧೫, ೧೯೨, ೧೭೦, ೧೯೨, ೧೯೬, ೨೪೦. ಮೊದಲನೆಯದು ದಕಾರದ ದೇಹ, ಎರಡನೆಯದು ಮಹಾಪ್ರಾಣದ ಸೀಳು, ಮೂರನೆಯದು ತಲೆಕಟ್ಟು. ಬಳಿಕ ವಕಾರದ ದೇಹ, ಮತ್ತೆ ತಲೆಕಟ್ಟು, ಅದನ್ನು ಮಕಾರವಾಗಿಸುವ ಕೊಂಬು, ಕಡೆಗೆ ಅರ್ಕಾವತ್ತು. ಇದು ಕೈಬರಹದ ಕ್ರಮ. ಉಚ್ಚಾರದಲ್ಲಿ ಮಕಾರಕ್ಕೆ ಮೊದಲು ಬರುವ ರೇಫವು ಇಲ್ಲಿ ಕೊನೆಯಲ್ಲಿದೆ.

ಕೈಯಲ್ಲಿರುವ ಕಡತ ಯಾವ ಬಗೆಯದೆಂದು ಅರಿಯಲು ಸುಲಭವಾದ ಪರೀಕ್ಷೆಯಿದೆ. ಕಡತದ ನಕಲೊಂದನ್ನು ತೆರೆದು ಒಂದು ವಾಕ್ಯವನ್ನು ಆಯ್ದು ಅದರ ಫಾಂಟನ್ನು ‘ಕೊರಿಯರ್’ ಎಂಬ ರೋಮನ್ ಶೈಲಿಗೆ ಬದಲಾಯಿಸಬೇಕು. ಕನ್ನಡ ಮಾಯವಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಅದು ಹಳೆಯ ಶೈಲಿಯ ಕಡತ. ಕನ್ನಡವು ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಈ ಪರೀಕ್ಷೆ ಮಾಡದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬಾರದು.

ಮುದ್ರಣವನ್ನು ಕಡತಕ್ಕೆ ಇಳಿಸುವ ಮೂರು ಬಗೆಗಳು

ಮುದ್ರಣವನ್ನು ಕಡತವಾಗಿಸುವುದೆಂದರೆ ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಅರ್ಥವಲ್ಲ. ಸಾಮಾನ್ಯ ಮುದ್ರಕವನ್ನು ಆಯ್ದು ಮುದ್ರಣಪೆಟ್ಟಿಗೆಯಲ್ಲಿ ‘ಪ್ರಿಂಟ್ ಟು ಫೈಲ್’ ಎಂದು ಗುರುತು ಮಾಡಿದರೆ ದೊರೆಯುವ ಕಡತದಲ್ಲಿ ಆ ಮುದ್ರಕಯಂತ್ರಕ್ಕೆ ಮಾತ್ರ ತಿಳಿಯುವ ಆಜ್ಞೆಗಳು ತುಂಬಿರುತ್ತವೆ. ಅದು ಪಠ್ಯವಲ್ಲ, ಮುದ್ರಕ ಕೆಟ್ಟರೆ ಕಡತವೂ ನಿರುಪಯುಕ್ತ.

ಎರಡನೆಯದು ಪಿಡಿಎಫ್. ವಿಂಡೋಸ್ ೧೦ರ ಕಾಲದಿಂದ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬ ಮುದ್ರಕವು ವ್ಯವಸ್ಥೆಯಲ್ಲಿಯೇ ಬರುತ್ತದೆ. ಪುಟದ ರೂಪವನ್ನು ಇದ್ದಂತೆ ಉಳಿಸುವುದಕ್ಕೆ ಇದು ಉತ್ತಮ ಸಾಧನ. ಆದರೆ ಇದು ಮುಖ್ಯವಾಗಿ ಉಳಿಸುವುದು ಆಕೃತಿಗಳನ್ನು, ಅವು ಪುಟದಲ್ಲಿ ನಿಂತ ಸ್ಥಾನಗಳನ್ನು. ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನಪಲ್ಲಟಗೊಳ್ಳುವುದು ಇದರಿಂದಲೇ. ಪಿಡಿಎಫ್ ಪ್ರತಿಯು ಓಲೆಯ ಛಾಯಾಚಿತ್ರಕ್ಕೆ ಸಮಾನ; ಸಾಕ್ಷಿಯಾಗಿ ಅಮೂಲ್ಯ, ಪಠ್ಯವಾಗಿ ಅಪೂರ್ಣ.

ಮೂರನೆಯದು ಪ್ರಸ್ತುತ ವಿಷಯವಾದ ‘ಜೆನೆರಿಕ್ / ಟೆಕ್ಸ್ಟ್ ಓನ್ಲಿ’ ಎಂಬ ಮುದ್ರಕ. ಇದಕ್ಕೆ ಯಂತ್ರವಿಲ್ಲ, ಇದು ವಿಂಡೋಸ್ ಒದಗಿಸುವ ಒಂದು ಚಾಲಕ ತಂತ್ರಾಂಶ, ಅಂದರೆ ಡ್ರೈವರ್. ಅಕ್ಷರದ ಶೈಲಿ, ಗಾತ್ರ, ಚಿತ್ರ, ವರ್ಣ ಇವೆಲ್ಲವನ್ನೂ ಬಿಟ್ಟು ತನಗೆ ಬಂದ ಅಕ್ಷರಸಂಕೇತಗಳನ್ನು ಮಾತ್ರ ಸಾಲುಸಾಲಾಗಿ ಇದು ಬರೆಯುತ್ತದೆ. ಸಾಲಿನ ಕೊನೆಯಲ್ಲಿ ಸಾಲುಮುರಿಯುವ ಚಿಹ್ನೆಯನ್ನೂ ಪುಟದ ಕೊನೆಯಲ್ಲಿ ಪುಟ ಬದಲಿಸುವ ಚಿಹ್ನೆಯನ್ನೂ ಸೇರಿಸುತ್ತದೆ. ಅಂಕಣಗಳ ನಡುವಣ ಅಂತರವನ್ನು ತೆರಪುಗಳಿಂದ ತುಂಬುತ್ತದೆ.

ಸ್ಥಾಪನೆಯ ಕ್ರಮ

ವಿಂಡೋಸ್ ೧೦ರಲ್ಲಿ ‘ಕಂಟ್ರೋಲ್ ಪ್ಯಾನೆಲ್’ ತೆರೆದು ‘ಡಿವೈಸಸ್ ಅಂಡ್ ಪ್ರಿಂಟರ್ಸ್’ ಎಂಬಲ್ಲಿ ‘ಆಡ್ ಎ ಪ್ರಿಂಟರ್’ ಎಂಬುದನ್ನು ಆರಿಸಬೇಕು. ವಿಂಡೋಸ್ ೧೧ರಲ್ಲಿ ‘ಸೆಟಿಂಗ್ಸ್’ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ವಿಭಾಗದಲ್ಲಿ ಹೊಸ ಮುದ್ರಕವನ್ನು ಸೇರಿಸುವ ಗುಂಡಿಯಿದೆ. ಗಣಕವು ಸುತ್ತಲಿನ ಯಂತ್ರಗಳನ್ನು ಹುಡುಕತೊಡಗುತ್ತದೆ. ಆಗ ಬೇಕಾದ ಮುದ್ರಕ ಪಟ್ಟಿಯಲ್ಲಿಲ್ಲವೆಂದು ಸೂಚಿಸಿ, ಕೈಯಾರೆ ಸೇರಿಸುವ ಮಾರ್ಗವನ್ನು ಹಿಡಿದು, ‘ಲೋಕಲ್ ಪ್ರಿಂಟರ್’ ಎಂಬ ಆಯ್ಕೆಗೆ ಸಮ್ಮತಿ ಕೊಡಬೇಕು.

ಬಳಿಕ ಪೋರ್ಟ್, ಎಂದರೆ ಮುದ್ರಣವು ಹೊರಹೋಗುವ ದ್ವಾರ, ಯಾವುದೆಂಬ ಪ್ರಶ್ನೆ ಬರುತ್ತದೆ. ಈಗಾಗಲೇ ಇರುವ ದ್ವಾರಗಳ ಪಟ್ಟಿಯಲ್ಲಿ ‘ಫೈಲ್: ಪ್ರಿಂಟ್ ಟು ಫೈಲ್’ ಎಂಬುದನ್ನು ಆರಿಸಬೇಕು. ಅನಂತರದ ಪುಟದಲ್ಲಿ ಎಡಕ್ಕೆ ತಯಾರಕರ ಹೆಸರುಗಳೂ ಬಲಕ್ಕೆ ಮುದ್ರಕಗಳ ಹೆಸರುಗಳೂ ಇರುತ್ತವೆ. ಎಡದಲ್ಲಿ ‘ಜೆನೆರಿಕ್’, ಬಲದಲ್ಲಿ ‘ಜೆನೆರಿಕ್ / ಟೆಕ್ಸ್ಟ್ ಓನ್ಲಿ’. ಮುದ್ರಕಕ್ಕೆ ‘ಪಠ್ಯಮುದ್ರಕ’ ಎಂಬಂತೆ ಸ್ಪಷ್ಟವಾದ ಹೆಸರು ಕೊಡುವುದು ಲೇಸು. ಇದನ್ನು ಇತರ ಗಣಕಗಳೊಡನೆ ಹಂಚಿಕೊಳ್ಳಬೇಕಿಲ್ಲ. ನಿತ್ಯದ ಮುದ್ರಕವನ್ನಾಗಿ ನಿಯೋಜಿಸಲೂ ಬಾರದು. ಹಳೆಯ ತಂತ್ರಾಂಶಗಳಿಗಾಗಿ ಉಳಿಸಿಕೊಂಡ ವಿಂಡೋಸ್ ಎಕ್ಸ್‌ಪಿ ಯಂತ್ರದಲ್ಲಿಯೂ ಇದೇ ಚಾಲಕವಿದೆ. ಅಂಥ ಯಂತ್ರವನ್ನು ಅಂತರಜಾಲದಿಂದ ದೂರವಿರಿಸಿ ಈ ಕಾರ್ಯಕ್ಕೆ ಮಾತ್ರ ಬಳಸುವುದು ಕ್ಷೇಮ.

ಮುದ್ರಣದ ಆಜ್ಞೆ ಕೊಟ್ಟೊಡನೆ ಕಡತದ ಹೆಸರನ್ನು ಕೇಳುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಹೆಸರಿನ ಕೊನೆಗೆ ಚುಕ್ಕೆಯಿಟ್ಟು ‘ಟಿಎಕ್ಸ್‌ಟಿ’ ಎಂಬ ಮೂರು ರೋಮನ್ ಅಕ್ಷರಗಳ ವಿಸ್ತರಣೆಯನ್ನು ಬರೆಯಬೇಕು. ಫೋಲ್ಡರಿನ ಪೂರ್ಣ ಮಾರ್ಗವನ್ನೂ ಸೂಚಿಸಬೇಕು. ಇಲ್ಲವಾದರೆ ಕಡತ ಎಲ್ಲಿ ಹೋಗಿ ಸೇರಿತೆಂದು ಹುಡುಕಬೇಕಾದೀತು. ಪ್ರತಿ ಸಲವೂ ಹೆಸರು ಕೇಳದಂತೆ ಒಂದೇ ಕಡತದ ಹೆಸರನ್ನು ದ್ವಾರವಾಗಿ ನಿಗದಿಪಡಿಸುವ ಮಾರ್ಗವೂ ಇದೆ. ಆದರೆ ಅದರಲ್ಲಿ ಎರಡನೆಯ ಮುದ್ರಣವು ಮೊದಲನೆಯದನ್ನು ಅಳಿಸಿ ಅದೇ ಸ್ಥಾನದಲ್ಲಿ ಕೂರುತ್ತದೆ. ಗ್ರಂಥಸೂಚಿಯಂಥ ದೀರ್ಘಕಾರ್ಯಕ್ಕೆ ಅದು ಸಲ್ಲದು.

ಮುದ್ರಿಸುವ ಮುನ್ನ

ಹಳೆಯ ಶೈಲಿಯ ಕಡತವಾದರೆ ಕೆಲವು ಪೂರ್ವಸಿದ್ಧತೆಗಳು ಆವಶ್ಯಕ. ಮೂಲಕಡತವನ್ನು ಮುಟ್ಟದೆ ಅದರ ನಕಲಿನಲ್ಲಿಯೇ ಕೆಲಸ ಮಾಡಬೇಕು. ಪಠ್ಯಮುದ್ರಕವು ಎಲ್ಲ ಅಕ್ಷರಗಳಿಗೂ ಸಮಾನ ಅಗಲವೆಂದು ಭಾವಿಸುತ್ತದೆ. ಕನ್ನಡದ ಹಳೆಯ ಶೈಲಿಗಳಲ್ಲಿ ಒತ್ತಕ್ಷರ ಮೊದಲಾದ ತುಣುಕುಗಳು ಹಿಂದಿನ ಅಕ್ಷರದ ಕೆಳಗೇ ಕೂರುವುದರಿಂದ ಅವುಗಳ ಅಗಲ ಅತ್ಯಲ್ಪ. ಆಗ ತುಣುಕುಗಳು ಒಂದರ ಮೇಲೊಂದು ಬಿದ್ದು ಕೆಲವು ಕಾಣೆಯಾಗಬಹುದು. ಇದನ್ನು ತಪ್ಪಿಸಲು ತಂತ್ರಾಂಶದಲ್ಲಿ ಅವಕಾಶವಿದ್ದರೆ ಪಠ್ಯವನ್ನೆಲ್ಲ ಸಮಾನ ಅಗಲದ ಕೊರಿಯರ್ ಶೈಲಿಗೆ ಬದಲಾಯಿಸಿ ಮುದ್ರಿಸಬೇಕು. ತೆರೆಯ ಮೇಲೆ ಕನ್ನಡ ಹೋಗಿ ರೋಮನ್ ಅಕ್ಷರಗಳ ಗೊಂದಲ ಕಂಡರೆ ಭಯಪಡಬೇಕಿಲ್ಲ. ಸಂಕೇತಗಳು ಒಂದೂ ಬದಲಾಗಿರುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಮೇಲೆ ಹೇಳಿದ ‘ಧರ್ಮ’ ಪದದ ಏಳು ಸಂಕೇತಗಳಲ್ಲಿ ಐದು ೧೨೭ನ್ನು ಮೀರಿದವು. ಆ ಮೇಲಿನ ಸ್ಥಾನಗಳಲ್ಲಿ ಯಾವ ಅಕ್ಷರವಿದೆಯೆಂಬುದು ‘ಕೋಡ್ ಪೇಜ್’ ಎಂಬ ಸಂಕೇತಪಟ್ಟಿಯನ್ನು ಅವಲಂಬಿಸಿದೆ. ವಿಂಡೋಸಿನ ರೋಮನ್ ಪಟ್ಟಿಯಲ್ಲಿ ತಲೆಕಟ್ಟಿಗೆ ಬಳಕೆಯಾದ ೧೯೨ನೆಯ ಅಕ್ಷರವು ಐಬಿಎಂನ ಹಳೆಯ ೪೩೭ನೆಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಚಾಲಕವು ಆ ಹಳೆಯ ಪಟ್ಟಿಯಂತೆ ನಡೆದರೆ ಇಡೀ ಗ್ರಂಥದ ತಲೆಕಟ್ಟುಗಳೆಲ್ಲ ಬೇರೊಂದು ಅಕ್ಷರವಾಗಿ ಮಾರ್ಪಡಬಹುದು. ಆದ್ದರಿಂದ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳು, ಅಂಕಿಗಳು ಇಷ್ಟನ್ನೂ ಒಂದು ಪುಟದಲ್ಲಿ ಅದೇ ಶೈಲಿಯಲ್ಲಿ ಬೆರಳಚ್ಚಿಸಿ ಮೊದಲು ಆ ಪುಟವನ್ನು ಇಳಿಸಿ ನೋಡಬೇಕು. ಅದು ಯಥಾವತ್ತಾಗಿ ಬಂದ ಮೇಲೆಯೇ ಗ್ರಂಥಕ್ಕೆ ಕೈಹಾಕಬೇಕು.

ಯುನಿಕೋಡ್ ಕಡತಕ್ಕೆ ಈ ಮಾರ್ಗವು ಸರ್ವಥಾ ವರ್ಜ್ಯ. ಚಾಲಕದ ಸಂಕೇತಪಟ್ಟಿಯಲ್ಲಿ ೩೨೦೫ ಎಂಬ ಸ್ಥಾನವೇ ಇಲ್ಲದಿರುವುದರಿಂದ ಕನ್ನಡದ ಒಂದೊಂದು ಅಕ್ಷರದ ಸ್ಥಾನದಲ್ಲಿ ಪ್ರಶ್ನಚಿಹ್ನೆಯೋ ಬರಿಯ ತೆರಪೋ ಉಳಿಯುತ್ತದೆ. ಹಳೆಯ ಕಡತದಲ್ಲಿ ರೋಮನ್ ಗೊಂದಲ ಕಂಡರೂ ಅದರೊಳಗೆ ಪಠ್ಯವಿದೆ. ಇಲ್ಲಿಯ ಪ್ರಶ್ನಚಿಹ್ನೆಗಳೊಳಗೆ ಏನೂ ಇಲ್ಲ. ಆ ಕಡತದಿಂದ ಮೂಲವನ್ನು ಮರಳಿ ಪಡೆಯಲು ಯಾವ ವಿದ್ಯೆಯಿಂದಲೂ ಸಾಧ್ಯವಿಲ್ಲ. ಯುನಿಕೋಡ್ ಪಠ್ಯವನ್ನು ‘ಸೇವ್ ಆಸ್’ ಎಂಬ ಆಜ್ಞೆಯಿಂದ ಸರಳ ಪಠ್ಯವಾಗಿ, ಯುಟಿಎಫ್-೮ ಎಂಬ ಸಂಕೇತನವನ್ನು ಆಯ್ದು ಉಳಿಸಬೇಕು. ಹಳೆಯ ಶೈಲಿಯ ಕಡತಕ್ಕೂ ಆ ಆಜ್ಞೆಯ ಸೌಕರ್ಯವಿದ್ದಲ್ಲಿ ಅದೇ ಮೊದಲ ಮಾರ್ಗ. ಮುದ್ರಣವೊಂದೇ ಹೊರದಾರಿಯಾದಾಗ ಮಾತ್ರ ಪಠ್ಯಮುದ್ರಕ.

ಪರಿವರ್ತನೆ ಮತ್ತು ಶೋಧನ

ಹೀಗೆ ದೊರೆತ ರೋಮನ್ ರೂಪದ ಪಠ್ಯವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ನುಡಿ ಮತ್ತು ಬರಹ ಶೈಲಿಗಳಿಗೆ ಲಭ್ಯವಿವೆ. ಆದರೆ ಅವು ಹೊಸಗನ್ನಡದ ಕಾಗದಪತ್ರಗಳನ್ನು ನೋಡಿ ರೂಪುಗೊಂಡವುಗಳೆಂದೇ ಭಾವಿಸಿ ಪರೀಕ್ಷಿಸುವುದು ಜಾಣತನ. ಹಸ್ತಪ್ರತಿಯ ಪಠ್ಯದಲ್ಲಿ ತಪ್ಪು ಸಂಭವಿಸುವ ಸ್ಥಾನಗಳು ಪ್ರಾಯಃ ಇವು.

ಒಂದು, ಅರ್ಕಾವತ್ತು. ಕೊನೆಯಲ್ಲಿರುವ ರೇಫವನ್ನು ಪರಿವರ್ತಕವು ಇಡೀ ಸಂಯುಕ್ತಾಕ್ಷರದ ಹಿಂದಕ್ಕೆ ಒಯ್ಯಬೇಕು. ‘ಕರ್ಮ’ ಎಂಬಲ್ಲಿ ಸರಿಯಾಗಿ ನಡೆದುದು ಓಲೆಗಳಲ್ಲಿ ಸಹಜವಾದ ‘ಕರ್ಮ್ಮ’, ‘ಧರ್ಮ್ಮ’ ಎಂಬ ದ್ವಿತ್ವರೂಪಗಳಲ್ಲಿ ಎಡವಬಹುದು. ಎರಡು, ಱಕಾರ ಮತ್ತು ೞಕಾರ. ಯುನಿಕೋಡಿನಲ್ಲಿ ಇವುಗಳ ಸ್ಥಾನ ಕ್ರಮವಾಗಿ ೩೨೪೯ ಮತ್ತು ೩೨೯೪. ಎರಡನೆಯದಕ್ಕೆ ಆ ಪಟ್ಟಿಯಲ್ಲಿ ಪ್ರಮಾದದಿಂದ ‘ಫ’ ಎಂಬ ಹೆಸರು ಬಿದ್ದಿದೆ. ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಪರಿವರ್ತಕವು ಈ ಅಕ್ಷರಗಳನ್ನು ಅರಿಯದಿದ್ದರೆ ರಕಾರ ಳಕಾರಗಳಾಗಿ ಮಾಡಿಬಿಡುತ್ತದೆ. ಪಠ್ಯ ಸುಗಮವಾಗಿಯೇ ಓದಿಸಿಕೊಳ್ಳುತ್ತದೆ. ಪ್ರಾಸವೂ ಕಾಲನಿರ್ಣಯದ ಆಧಾರವೂ ಸದ್ದಿಲ್ಲದೆ ಹೋಗಿರುತ್ತವೆ. ಮೂರು, ಓಲೆಯ ಆದಿಯ ಸಿದ್ಧಂ ಚಿಹ್ನೆ ಮತ್ತು ನಕಾರಪೊಲ್ಲು. ಇವು ಯುನಿಕೋಡಿಗೆ ಸೇರಿದುದು ಕ್ರಮವಾಗಿ ೨೦೧೮ ಮತ್ತು ೨೦೨೧ರಲ್ಲಿ. ಅದಕ್ಕೆ ಹಿಂದಿನ ಪ್ರತಿಲಿಪಿಕಾರರು ಬೇರೆ ಗುರುತುಗಳನ್ನು ಬಳಸಿರುವುದು ಸಹಜ. ಅವುಗಳ ಪಟ್ಟಿಯೊಂದನ್ನು ಮೊದಲೇ ಮಾಡಿಕೊಳ್ಳಬೇಕು.

ನಾಲ್ಕು, ಮಿಶ್ರಭಾಷೆಯ ಪುಟಗಳು. ಕನ್ನಡದ ನಡುವೆ ರೋಮನ್ ಲಿಪಿಯಲ್ಲಿ ಬರೆದ ಗ್ರಂಥನಾಮವೋ ಪ್ರಾಕೃತ ಗಾಥೆಯೋ ಇದ್ದರೆ, ಶೈಲಿಭೇದ ಅಳಿದುಹೋದ ಸರಳ ಪಠ್ಯದಲ್ಲಿ ಯಾವುದು ನಿಜವಾದ ರೋಮನ್, ಯಾವುದು ಕನ್ನಡದ ಸಂಕೇತವೆಂಬ ವಿವೇಚನೆ ಯಂತ್ರಕ್ಕೆ ಉಳಿಯುವುದಿಲ್ಲ. ಅದು ಎಲ್ಲವನ್ನೂ ಕನ್ನಡವೆಂದೇ ಬಗೆದು ವಿಚಿತ್ರ ಪದಗಳನ್ನು ಸೃಷ್ಟಿಸುತ್ತದೆ. ಇಂಥ ಭಾಗಗಳಿಗೆ ಮುದ್ರಣಕ್ಕೆ ಮೊದಲೇ ಗುರುತು ಹಾಕಬೇಕು. ಐದು, ಸಾಲು ಮತ್ತು ಪುಟ. ಯಂತ್ರವು ಪುಟದ ಅಗಲಕ್ಕೆ ತಕ್ಕಂತೆ ಮುರಿದ ಸಾಲುಗಳನ್ನು ಪದ್ಯದ ಪಾದವೆಂದಾಗಲಿ ಓಲೆಯ ಪಂಕ್ತಿಯೆಂದಾಗಲಿ ಭ್ರಮಿಸಬಾರದು. ದಪ್ಪ ಅಕ್ಷರದಿಂದ ಸೂಚಿಸಿದ ಪಾಠಾಂತರ, ಮೇಲಕ್ಕೆ ಏರಿಸಿದ ಟಿಪ್ಪಣಿಯ ಅಂಕಿ ಇವುಗಳ ವೈಶಿಷ್ಟ್ಯವೂ ಪಠ್ಯಕಡತದಲ್ಲಿ ಉಳಿಯದು.

ಈ ಕಾರಣಗಳಿಂದ ಒಂದು ಕೃತಿಗೆ ನಾಲ್ಕು ಪ್ರತಿಗಳನ್ನು ಒಟ್ಟಿಗೆ ಇರಿಸುವುದು ಯುಕ್ತ: ಮೂಲಕಡತ, ಅದರ ರೂಪವನ್ನು ತೋರಿಸುವ ಪಿಡಿಎಫ್, ಇಳಿಸಿಕೊಂಡ ಸಂಕೇತಪಠ್ಯ, ಶೋಧಿಸಿದ ಯುನಿಕೋಡ್ ಪಠ್ಯ. ಯಾವ ಶೈಲಿ, ಯಾವ ತಂತ್ರಾಂಶ, ಯಾವ ದಿನ, ಯಾರ ಶೋಧನ ಎಂಬುದನ್ನು ಪುಷ್ಪಿಕೆಯಂತೆ ಕಡತದ ಕೊನೆಯಲ್ಲಿಯೇ ಬರೆದಿಡಬೇಕು. ಪರಿವರ್ತನೆ ಮುಗಿಯಿತೆಂದು ಮೂಲಕಡತವನ್ನು ಅಳಿಸುವುದು, ಪ್ರತಿಯಾಯಿತೆಂದು ಓಲೆಯನ್ನು ನೀರಿಗೆ ಬಿಟ್ಟಂತೆ. ಕಡೆಯ ಪ್ರಮಾಣ ಯಂತ್ರವಲ್ಲ. ಪರಿವರ್ತಿತ ಪಠ್ಯವನ್ನು ಒಬ್ಬರು ಓದುತ್ತ ಇನ್ನೊಬ್ಬರು ಓಲೆಯನ್ನೋ ಅದರ ಛಾಯಾಪ್ರತಿಯನ್ನೋ ನೋಡುತ್ತ ಹೋಲಿಸಿದಾಗಲೇ ಕಾರ್ಯ ಪೂರ್ಣವಾಗುತ್ತದೆ.

ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಭಂಡಾರದ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಹುಳು ಹಿಡಿದ ಗರಿಗಳನ್ನು ಬೇರ್ಪಡಿಸಿ, ಮತ್ತೆ ವಸ್ತ್ರದಲ್ಲಿ ಕಟ್ಟಿಡುವ ಸಂಪ್ರದಾಯವಿದೆ. ಗಣಕದ ಕಡತಕ್ಕೆ ಹುಳು ಹಿಡಿದುದು ಹೊರಗಿನಿಂದ ಕಾಣುವುದಿಲ್ಲ. ತೆರೆದು ಓದಿದಾಗ ಮಾತ್ರ ತಿಳಿಯುತ್ತದೆ. ಅದೇ ದಿನ ಭಂಡಾರದ ಗಣಕವನ್ನೂ ತೆರೆದು, ಒಂದೊಂದು ಕಡತವನ್ನೂ ಓದಿ ನೋಡಿ, ಓದಲು ಬಾರದವುಗಳ ಪಟ್ಟಿಯನ್ನು ಮಾಡುವ ರೂಢಿ ಬೆಳೆದರೆ, ಅವನ್ನು ಬೆರಳಚ್ಚಿಸಿದ ಪಂಡಿತರು ಇನ್ನೂ ನಮ್ಮ ನಡುವೆ ಇರುವಾಗಲೇ ಸಂದೇಹಗಳನ್ನು ಕೇಳಿ ಪರಿಹರಿಸಿಕೊಳ್ಳಬಹುದು.